ಹೈನ್ರಿಖ್ ಷೋಲ್ಟ್ಸ್: ತರ್ಕಶಾಸ್ತ್ರ ಮತ್ತು ಅದರ ಚರಿತ್ರೆ

ಷೋಲ್ಟ್ಸ್, ಹೈನ್ರಿಖ್ (1884–1956): ಜರ್ಮನಿಯ ತರ್ಕಶಾಸ್ತ್ರಜ್ಞ, ತತ್ತ್ವಜ್ಞಾನಿ, ಪ್ರಾಟೆಸ್ಟೆಂಟ್ ದೈವಶಾಸ್ತ್ರಜ್ಞ. ಗಣಿತೀಯ ತರ್ಕಕ್ಕೆ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಸ್ವತಂತ್ರ ಸ್ಥಾನ ದೊರಕಿಸಿಕೊಟ್ಟವ. ಅರಿಸ್ಟಾಟಲ್‌ನಿಂದ ರಸೆಲ್‌ವರೆಗಿನ ತರ್ಕದ ಬೆಳವಣಿಗೆಯನ್ನು ಆಧುನಿಕ ತರ್ಕದ ಬೆಳಕಿನಲ್ಲಿ ನೋಡಿ ಚರಿತ್ರೆ ಬರೆದವರಲ್ಲಿ ಮೊದಲಿಗ. ಗಾಟ್ಲೋಬ್ ಫ್ರೆಗೆಯ ಅಪ್ರಕಟಿತ ಬರಹಗಳನ್ನು ಕಲೆಹಾಕಿ ಪ್ರತಿ ಮಾಡಿಸಿ ಮುಂದಿನ ತಲೆಮಾರಿಗೆ ದಾಟಿಸಿದ್ದು, ಅಲನ್ ಟ್ಯೂರಿಂಗ್‌ನ ಪ್ರಸಿದ್ಧ ಲೇಖನದ ಬೆಲೆಯನ್ನು ಅದು ಹೊರಬಂದ ಕೆಲವೇ ತಿಂಗಳಲ್ಲಿ ಗುರುತಿಸಿದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ತರ್ಕಶಾಸ್ತ್ರಜ್ಞರಿಗೆ ನೆರವಾದದ್ದು ಈತನ ಹೆಸರನ್ನು ಉಳಿಸಿರುವ ಮುಖ್ಯ ಕೆಲಸಗಳು. ಸ್ವಂತದ ದೊಡ್ಡ ಪ್ರಮೇಯವೊಂದರಿಂದ ಈತ ಪ್ರಸಿದ್ಧನಾದವನಲ್ಲ. ಒಂದು ಶಾಸ್ತ್ರ ಬೆಳೆಯಬೇಕಾದರೆ ಅದರ ಹಿಂದಿನ ಚಿಂತನೆ ಕಳೆದುಹೋಗಬಾರದು, ಮುಂದಿನ ಚಿಂತನೆಗೆ ನೆಲೆ ಸಿಗಬೇಕು ಎಂಬ ನಂಬಿಕೆಯಿಂದ ಇಡೀ ಬದುಕನ್ನು ನಡೆಸಿದವನು.

ಜೀವನ ಮತ್ತು ಶಿಕ್ಷಣ

ಷೋಲ್ಟ್ಸ್ 1884ರ ಡಿಸೆಂಬರ್ 17ರಂದು ಬರ್ಲಿನ್‌ನಲ್ಲಿ ಹುಟ್ಟಿದ. ತಂದೆ ಅದೇ ನಗರದ ಸೇಂಟ್ ಮೇರಿ ಚರ್ಚಿನಲ್ಲಿ ಪಾದ್ರಿಯಾಗಿದ್ದವರು. ಬರ್ಲಿನ್ ಮತ್ತು ಎರ್ಲಾಂಗೆನ್ ವಿಶ್ವವಿದ್ಯಾಲಯಗಳಲ್ಲಿ ದೈವಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಓದಿದ. ಬರ್ಲಿನ್‌ನಲ್ಲಿ ಕ್ರೈಸ್ತ ಮತದ ಚರಿತ್ರೆಯ ಮಹಾವಿದ್ವಾಂಸ ಅಡಾಲ್ಫ್ ಫಾನ್ ಹಾರ್ನಾಕ್ ಈತನ ಗುರು. ಮೂಲ ಪಠ್ಯವನ್ನು ಮುಂದಿಟ್ಟುಕೊಂಡು, ಯಾವ ಮಾತು ಯಾವಾಗ ಯಾರಿಂದ ಬಂದಿತೆಂದು ಸೋಸಿ ನೋಡುವ ಶಿಸ್ತು ಹಾರ್ನಾಕ್‌ನ ಬಳಿ ಕಲಿತದ್ದು. ಮುಂದೆ ತರ್ಕದ ಚರಿತ್ರೆಗೆ ಕೈಹಾಕಿದಾಗ ಇದೇ ಶಿಸ್ತು ಉಪಯೋಗಕ್ಕೆ ಬಂತು.

1910ರಲ್ಲಿ ಬರ್ಲಿನ್‌ನಲ್ಲಿ ಬೋಧನಾರ್ಹತೆ ಪಡೆದ. ಸಂತ ಆಗಸ್ಟೀನನ ‘ದೇವನಗರ’ ಕೃತಿಯನ್ನು ಕುರಿತ ಗ್ರಂಥ 1911ರಲ್ಲಿ ಪ್ರಕಟವಾಯಿತು. 1913ರಲ್ಲಿ ಎರ್ಲಾಂಗೆನ್‌ನಿಂದ ಡಾಕ್ಟರೇಟ್ ಬಂತು. 1917ರಲ್ಲಿ ಬ್ರೆಸ್ಲಾವ್ (ಇಂದಿನ ಪೋಲೆಂಡಿನ ವ್ರೋತ್ಸ್ವಾಫ್) ವಿಶ್ವವಿದ್ಯಾಲಯದಲ್ಲಿ ಧರ್ಮತತ್ತ್ವದ ಪ್ರಾಧ್ಯಾಪಕನಾಗಿ ರುಡಾಲ್ಫ್ ಒಟ್ಟೊನ ಉತ್ತರಾಧಿಕಾರಿಯಾದ. 1919ರಲ್ಲಿ ಕೀಲ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪೀಠಕ್ಕೆ ಬಂದ. 1921ರಲ್ಲಿ ಹೊರಬಂದ ‘ಧರ್ಮತತ್ತ್ವ’ ಎಂಬ ದೊಡ್ಡ ಗ್ರಂಥ ಮರುವರ್ಷವೇ ಎರಡನೆಯ ಮುದ್ರಣ ಕಂಡಿತು. ನಲವತ್ತು ತುಂಬುವ ಮೊದಲೇ ಈತ ತನ್ನ ಕ್ಷೇತ್ರದಲ್ಲಿ ಹೆಸರಾಗಿದ್ದ.

ತರ್ಕದತ್ತ ಹೊರಳಿದ್ದು

1921ರ ಸುಮಾರಿಗೆ ಕೀಲ್‌ನಲ್ಲಿ ಬರ್ಟ್ರಂಡ್ ರಸೆಲ್ ಮತ್ತು ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ ಬರೆದ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ (1910–13) ಅಕಸ್ಮಾತ್ತಾಗಿ ಈತನ ಕೈಗೆ ಸಿಕ್ಕಿತು. ಪುಟ ಪುಟವೂ ಸಂಕೇತಗಳಿಂದ ತುಂಬಿರುವ ಮೂರು ಸಂಪುಟಗಳ ಆ ಕೃತಿ ಗಣಿತವನ್ನು ಕೆಲವೇ ತಾರ್ಕಿಕ ನಿಯಮಗಳಿಂದ ಹೊರಡಿಸಿ ತೋರಿಸುವ ಸಾಹಸ. ತತ್ತ್ವಶಾಸ್ತ್ರದಲ್ಲಿ ತಾನು ಬಹುಕಾಲ ಹುಡುಕುತ್ತಿದ್ದ ನಿಖರತೆ ಷೋಲ್ಟ್ಸ್‌ಗೆ ಅಲ್ಲಿ ಕಂಡಿತು. ಅದನ್ನು ಅರಿಯಲು ಬೇಕಾದ ಗಣಿತ ತನ್ನಲ್ಲಿಲ್ಲ ಎಂಬುದೂ ತಿಳಿಯಿತು. ತಾನು ಪ್ರಾಧ್ಯಾಪಕನಾಗಿದ್ದ ವಿಶ್ವವಿದ್ಯಾಲಯದಲ್ಲೇ ಗಣಿತವನ್ನೂ ಸೈದ್ಧಾಂತಿಕ ಭೌತಶಾಸ್ತ್ರವನ್ನೂ ವಿದ್ಯಾರ್ಥಿಯಾಗಿ ಮೊದಲಿನಿಂದ ಓದಿದ. ಹೆಸರು ಮಾಡಿದ ಪ್ರಾಧ್ಯಾಪಕ ಮತ್ತೆ ವಿದ್ಯಾರ್ಥಿಯಾಗಿ ಕೂತು ಕಲಿತ ಆ ವರ್ಷಗಳು ಈತನ ಮುಂದಿನ ಎಲ್ಲ ಕೆಲಸಕ್ಕೆ ತಳಹದಿ.

1928ರಲ್ಲಿ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪೀಠ ದೊರೆಯಿತು. ಬದುಕಿನ ಉಳಿದ ಭಾಗವನ್ನೆಲ್ಲ ಈತ ಆ ಊರಿನಲ್ಲೇ ಕಳೆದ.

ಹಿನ್ನೆಲೆ: ತರ್ಕ ಗಣಿತೀಯವಾದ ಬಗೆ

ಷೋಲ್ಟ್ಸ್‌ನ ಕೆಲಸವನ್ನು ಅರಿಯಲು ಆ ಹೊತ್ತಿಗೆ ತರ್ಕಶಾಸ್ತ್ರದಲ್ಲಿ ಆಗಿದ್ದ ಬದಲಾವಣೆಯನ್ನು ತಿಳಿಯಬೇಕು. ಅರಿಸ್ಟಾಟಲ್‌ನ ತರ್ಕ ‘ಎಲ್ಲ ಅ ಬ ಆಗಿದೆ’, ‘ಕೆಲವು ಅ ಬ ಆಗಿಲ್ಲ’ ಎಂಬಂಥ ನಾಲ್ಕು ಬಗೆಯ ವಾಕ್ಯಗಳ ಮೇಲೆ ನಿಂತಿದೆ. ಗಣಿತದ ವಾಕ್ಯಗಳಿಗೆ ಇದು ಸಾಲದು. ‘ಪ್ರತಿಯೊಂದು ಸಂಖ್ಯೆಗೂ ಅದಕ್ಕಿಂತ ದೊಡ್ಡದಾದ ಸಂಖ್ಯೆಯೊಂದಿದೆ’ ಎಂಬುದು ನಿಜ. ‘ಪ್ರತಿಯೊಂದು ಸಂಖ್ಯೆಗಿಂತಲೂ ದೊಡ್ಡದಾದ ಒಂದು ಸಂಖ್ಯೆಯಿದೆ’ ಎಂಬುದು ಸುಳ್ಳು. ಎರಡರಲ್ಲೂ ಇರುವ ಪದಗಳು ಹೆಚ್ಚುಕಡಿಮೆ ಅವೇ. ‘ಪ್ರತಿಯೊಂದು’ ಮತ್ತು ‘ಒಂದು’ ಎಂಬ ಪರಿಮಾಣಕಗಳಲ್ಲಿ ಯಾವುದು ಯಾವುದರ ಒಳಗೆ ಇದೆ ಎಂಬುದಷ್ಟೇ ಸತ್ಯ ಸುಳ್ಳುಗಳನ್ನು ಬೇರ್ಪಡಿಸುತ್ತದೆ. ಈ ವ್ಯತ್ಯಾಸವನ್ನು ಚಾಚೂ ತಪ್ಪದೆ ಬರೆದು ತೋರಿಸುವ ಸಂಕೇತ ಭಾಷೆಯನ್ನು 1879ರಲ್ಲಿ ಮೊದಲು ರಚಿಸಿದವನು ಯೇನಾ ವಿಶ್ವವಿದ್ಯಾಲಯದ ಗಣಿತಜ್ಞ ಗಾಟ್ಲೋಬ್ ಫ್ರೆಗೆ (1848–1925). ಅಂಕಗಣಿತವೆಲ್ಲ ತರ್ಕದಿಂದಲೇ ಹುಟ್ಟುತ್ತದೆ ಎಂದು ತೋರಿಸುವುದು ಅವನ ಗುರಿ. ಅದಕ್ಕಾಗಿ ಬರೆದ ದೊಡ್ಡ ಗ್ರಂಥದ ಮೊದಲ ಸಂಪುಟ 1893ರಲ್ಲಿ ಬಂತು. ಎರಡನೆಯದು 1903ರಲ್ಲಿ ಹೊರಬರುವ ಮುನ್ನ, 1902ರ ಜೂನ್‌ನಲ್ಲಿ, ರಸೆಲ್‌ನ ಪತ್ರ ತಲಪಿತು. ತನಗೆ ತಾನೇ ಸದಸ್ಯನಾಗಿರದ ಗಣಗಳೆಲ್ಲವನ್ನೂ ಒಳಗೊಂಡ ಗಣ ತನಗೆ ತಾನು ಸದಸ್ಯನೋ ಅಲ್ಲವೋ? ಹೌದೆಂದರೆ ಅಲ್ಲ, ಅಲ್ಲವೆಂದರೆ ಹೌದು. ಫ್ರೆಗೆಯ ನಿಯಮಗಳು ಇಂಥ ಗಣಕ್ಕೆ ಎಡೆಗೊಡುತ್ತಿದ್ದವು. ಅವನ ವ್ಯವಸ್ಥೆ ವಿರೋಧಕ್ಕೆ ಸಿಲುಕಿತು. ಆ ಬಳಿಕ ಗಣಿತದ ತಳಹದಿಯ ಪ್ರಶ್ನೆ ಯೂರೋಪಿನ ಶ್ರೇಷ್ಠ ಗಣಿತಜ್ಞರನ್ನು ಕಾಡಿತು. ಷೋಲ್ಟ್ಸ್ ತರ್ಕಕ್ಕೆ ಬಂದದ್ದು ಈ ಚರ್ಚೆ ಕಾವೇರಿದ್ದ ದಿನಗಳಲ್ಲಿ.

ಗ್ರೀಕ್ ಗಣಿತದ ಅಧ್ಯಯನ

1928ರಲ್ಲಿ ಸಂಖ್ಯಾಸಿದ್ಧಾಂತದ ಪ್ರಸಿದ್ಧ ವಿದ್ವಾಂಸ ಹೆಲ್ಮುಟ್ ಹಾಸೆಯೊಡನೆ ಕೂಡಿ ಷೋಲ್ಟ್ಸ್ ‘ಗ್ರೀಕ್ ಗಣಿತದ ತಳಹದಿಯ ಬಿಕ್ಕಟ್ಟು’ ಎಂಬ ಚಿಕ್ಕ ಕೃತಿಯನ್ನು ಪ್ರಕಟಿಸಿದ. ಹಾಸೆ 1922ರಿಂದ 1925ರವರೆಗೆ ಕೀಲ್‌ನಲ್ಲಿ ಬೋಧಿಸುತ್ತಿದ್ದವನು.

ಚೌಕದ ಬಾಹುವಿಗೂ ಕರ್ಣಕ್ಕೂ ಸಮಾನ ಅಳತೆ ಇಲ್ಲ ಎಂಬುದು ಪೈಥಾಗೊರಸನ ಅನುಯಾಯಿಗಳಿಗೆ ತಿಳಿದುಬಂದ ಸಂಗತಿ. ಬಾಹುವಿನ ಉದ್ದ 1 ಆದರೆ ಕರ್ಣದ ಉದ್ದ 2ರ ವರ್ಗಮೂಲ. ಅದನ್ನು ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ, ಸಂಕ್ಷಿಪ್ತ ರೂಪದಲ್ಲಿ ಬರೆಯಬಹುದೆಂದು ಇಟ್ಟುಕೊಂಡರೆ, ಅಂಶದ ವರ್ಗ ಛೇದದ ವರ್ಗದ ಎರಡರಷ್ಟಾಗುತ್ತದೆ. ಆದ್ದರಿಂದ ಅಂಶ ಸಮಸಂಖ್ಯೆ. ಅದರಿಂದಲೇ ಛೇದವೂ ಸಮಸಂಖ್ಯೆ ಎಂದಾಗುತ್ತದೆ. ಸಂಕ್ಷಿಪ್ತ ರೂಪದಲ್ಲಿ ಎರಡೂ ಸಮಸಂಖ್ಯೆಗಳಾಗಿರಲು ಸಾಧ್ಯವಿಲ್ಲ. ಜಗತ್ತೆಲ್ಲ ಪೂರ್ಣಾಂಕಗಳ ಅನುಪಾತದಲ್ಲಿ ಹೆಣೆದುಕೊಂಡಿದೆ ಎಂದು ನಂಬಿದವರಿಗೆ ಇದು ಬುಡಕ್ಕೇ ಬಿದ್ದ ಏಟು ಎಂದು ಹಾಸೆ ಮತ್ತು ಷೋಲ್ಟ್ಸ್ ವಾದಿಸಿದರು. ಅಪರಿಮಿತ ಸಣ್ಣ ತುಣುಕುಗಳ ಕಲ್ಪನೆಯಿಂದ ತೊಡಕು ಬಿಡಿಸುವ ಯತ್ನಗಳು ನಡೆದವು, ಎಲಿಯದ ಝೀನೊ ಒಡ್ಡಿದ ವಿರೋಧಾಭಾಸಗಳ ಗುರಿ ಇಂಥ ಯತ್ನಗಳೇ, ಕೊನೆಗೆ ಯೂಡಾಕ್ಸಸ್‌ನ ಅನುಪಾತ ಸಿದ್ಧಾಂತ ದಾರಿ ತೋರಿತು ಎಂಬುದು ಅವರ ನಿರೂಪಣೆ. ಯೂಡಾಕ್ಸಸ್‌ನ ಸಿದ್ಧಾಂತ ಇಂದು ಯೂಕ್ಲಿಡನ ‘ಮೂಲತತ್ತ್ವಗಳು’ ಗ್ರಂಥದ ಐದನೆಯ ಭಾಗದಲ್ಲಿ ದೊರೆಯುತ್ತದೆ.

ಗ್ರೀಕರು ಅಭಾಗಲಬ್ಧ ಸಂಖ್ಯೆಗಳನ್ನು ಸಂಖ್ಯೆಗಳೆಂದೇ ಏಕೆ ಕಟ್ಟಲಿಲ್ಲ ಎಂಬ ಪ್ರಶ್ನೆಯನ್ನೂ ಷೋಲ್ಟ್ಸ್ ಅದೇ ವರ್ಷ ಪ್ರತ್ಯೇಕವಾಗಿ ಚರ್ಚಿಸಿದ. ಹಳೆಯವರು ಏನನ್ನು ಕಂಡರು ಎಂಬುದರ ಜೊತೆಗೆ ಏನನ್ನು ಮಾಡದೆ ಬಿಟ್ಟರು, ಏಕೆ ಬಿಟ್ಟರು ಎಂದು ಕೇಳುವುದು ಈತನ ಇತಿಹಾಸ ಬರವಣಿಗೆಯ ಗುಣ.

1930–31ರಲ್ಲಿ ಪ್ರಕಟವಾದ ‘ಪ್ರಾಚೀನರ ಸ್ವಯಂಸಿದ್ಧ ಪದ್ಧತಿ’ ಎಂಬ ಪ್ರಬಂಧ ಇನ್ನೂ ಆಳವಾದದ್ದು. ಶಾಸ್ತ್ರವೆಂದರೇನು ಎಂಬ ಅರಿಸ್ಟಾಟಲ್‌ನ ವಿವರಣೆಯನ್ನು ಇಲ್ಲಿ ಷರತ್ತುಗಳ ಪಟ್ಟಿಯಾಗಿ ಬಿಡಿಸಿ ಇಡಲಾಗಿದೆ. ಶಾಸ್ತ್ರದ ಹೇಳಿಕೆಗಳೆಲ್ಲ ಒಂದೇ ವಿಷಯಕ್ಷೇತ್ರಕ್ಕೆ ಸೇರಿರಬೇಕು, ಎಲ್ಲವೂ ಸತ್ಯವಾಗಿರಬೇಕು, ಅವುಗಳಲ್ಲಿ ಕೆಲವು ಸಾಧನೆ ಬೇಡದಷ್ಟು ಸ್ಪಷ್ಟವಾಗಿರಬೇಕು, ಉಳಿದವು ಅವುಗಳಿಂದ ಸಾಧಿತವಾಗಬೇಕು, ಪದಗಳಲ್ಲೂ ಕೆಲವು ಮೂಲಪದಗಳು, ಉಳಿದವು ಅವುಗಳ ಮೂಲಕ ನಿರೂಪಿತವಾದವು. ಡೇವಿಡ್ ಹಿಲ್ಬರ್ಟ್ 1899ರಲ್ಲಿ ಜ್ಯಾಮಿತಿಗೆ ಕಟ್ಟಿದ ಹೊಸ ತಳಹದಿಯಲ್ಲಿ ಸ್ವಯಂಸಿದ್ಧಗಳು ತಮ್ಮಷ್ಟಕ್ಕೆ ಸ್ಪಷ್ಟವಾಗಿರಬೇಕೆಂಬ ಬೇಡಿಕೆ ಇಲ್ಲ. ಅವು ಪರಸ್ಪರ ವಿರೋಧಿಸದಿರಬೇಕು. ಹಳೆಯ ಆದರ್ಶ ಮತ್ತು ಹೊಸ ಆದರ್ಶ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಈ ರೀತಿ ಬಿಡಿಸಿದಾಗಲೇ ಕಾಣುತ್ತದೆ.

ತರ್ಕದ ಚರಿತ್ರೆ

ಷೋಲ್ಟ್ಸ್‌ನ ಅತ್ಯಂತ ಪ್ರಸಿದ್ಧ ಕೃತಿ 1931ರಲ್ಲಿ ಬಂದ ‘ತರ್ಕದ ಚರಿತ್ರೆಯ ರೂಪರೇಖೆ’. ನೂರು ಪುಟವೂ ಇಲ್ಲದ ಈ ಪುಸ್ತಕ 1961ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು.

ಆವರೆಗೆ ಈ ಕ್ಷೇತ್ರದ ಪ್ರಮಾಣಗ್ರಂಥವಾಗಿದ್ದುದು ಕಾರ್ಲ್ ಪ್ರಾಂಟ್ಲ್ 1855ರಿಂದ 1870ರವರೆಗೆ ನಾಲ್ಕು ಸಂಪುಟಗಳಲ್ಲಿ ಬರೆದ ಪಾಶ್ಚಾತ್ಯ ತರ್ಕದ ಚರಿತ್ರೆ. ಪ್ರಾಂಟ್ಲ್ ಅಪಾರ ಸಾಮಗ್ರಿಯನ್ನು ಕಲೆಹಾಕಿದ್ದ. ಆದರೆ ಅರಿಸ್ಟಾಟಲ್‌ನ ನಂತರ ತರ್ಕ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ ಎಂಬ ಕಾಂಟ್‌ನ ಅಭಿಪ್ರಾಯ ಅವನ ಕಣ್ಣನ್ನು ಕಟ್ಟಿತ್ತು. ಸ್ಟೋಯಿಕ್ ತಾತ್ತ್ವಿಕರ ತರ್ಕವನ್ನು ಅವನು ಹೀಗಳೆದು ಬದಿಗಿಟ್ಟ. ಷೋಲ್ಟ್ಸ್ ಈ ಚಿತ್ರವನ್ನು ತಿದ್ದಿದ. ಚರಿತ್ರೆಕಾರನಿಗೆ ತರ್ಕವೇ ಗೊತ್ತಿಲ್ಲದಿದ್ದರೆ ಹಳೆಯ ಪಠ್ಯದಲ್ಲಿ ಯಾವುದು ಮುಖ್ಯ ಎಂಬುದು ಅವನಿಗೆ ಕಾಣುವುದಿಲ್ಲ ಎಂಬುದು ಈತನ ನಿಲುವು.

ಅರಿಸ್ಟಾಟಲ್‌ನ ವಿಷಯದಲ್ಲಿ ಈತ ಒತ್ತಿ ಹೇಳಿದ್ದು ಅಕ್ಷರಗಳ ಬಳಕೆಯನ್ನು. ‘ಮನುಷ್ಯ’, ‘ಪ್ರಾಣಿ’ ಎಂಬ ಪದಗಳ ಜಾಗದಲ್ಲಿ ಅಕ್ಷರಗಳನ್ನು ಇಟ್ಟಾಗ ವಾದದ ವಿಷಯ ಕಳಚಿ ಆಕಾರ ಮಾತ್ರ ಉಳಿಯುತ್ತದೆ. ಆಕಾರದ ಶಾಸ್ತ್ರವೇ ತರ್ಕ. ಸ್ಟೋಯಿಕರು ಪದಗಳ ಬದಲು ಇಡೀ ವಾಕ್ಯಗಳನ್ನು ಘಟಕಗಳಾಗಿ ತೆಗೆದುಕೊಂಡರು. ‘ಹಗಲಾಗಿದ್ದರೆ ಬೆಳಕಿದೆ, ಹಗಲಾಗಿದೆ, ಆದ್ದರಿಂದ ಬೆಳಕಿದೆ’ ಎಂಬುದು ಅವರ ನೆಚ್ಚಿನ ಉದಾಹರಣೆ. ಇಲ್ಲಿ ಸಂಬಂಧವಿರುವುದು ಎರಡು ಪೂರ್ಣ ವಾಕ್ಯಗಳ ನಡುವೆ. ಇಂದು ತರ್ಕದ ಪಾಠ ಶುರುವಾಗುವುದೇ ಈ ವಾಕ್ಯತರ್ಕದಿಂದ. ವಾರ್ಸಾದ ತರ್ಕಶಾಸ್ತ್ರಜ್ಞ ಯಾನ್ ವುಕಾಸೇವಿಚ್ ಇದೇ ಕಾಲದಲ್ಲಿ ಸ್ಟೋಯಿಕ್ ತರ್ಕದ ಮೇಲೆ ಹೊಸ ಬೆಳಕು ಚೆಲ್ಲಿದ್ದ. 1935ರಲ್ಲಿ ಬಂದ ಅವನ ಪ್ರಬಂಧ ಈ ಮರುಶೋಧವನ್ನು ಗಟ್ಟಿಗೊಳಿಸಿತು. ಷೋಲ್ಟ್ಸ್‌ಗೂ ಅವನಿಗೂ ಬೆಳೆದ ಸ್ನೇಹಕ್ಕೆ ಈ ಸಮಾನ ಆಸಕ್ತಿಯೂ ಒಂದು ಕಾರಣ.

ಷೋಲ್ಟ್ಸ್‌ನ ಚರಿತ್ರೆಯಲ್ಲಿ ನಡುಗಂಬದಂತೆ ನಿಂತವನು ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಟ್ಸ್ (1646–1716). ಮನುಷ್ಯನ ಎಲ್ಲ ಪರಿಕಲ್ಪನೆಗಳಿಗೂ ಸಂಕೇತ ಕೊಟ್ಟು, ಸಂಕೇತಗಳ ಮೇಲೆ ಲೆಕ್ಕ ಮಾಡುವ ನಿಯಮಗಳನ್ನು ನಿಗದಿಪಡಿಸಿದರೆ ವಾದ ವಿವಾದಗಳನ್ನು ಲೆಕ್ಕ ಹಾಕಿ ಮುಗಿಸಬಹುದು ಎಂದು ಲೈಬ್ನಿಟ್ಸ್ ಕನಸು ಕಂಡಿದ್ದ. ಅವನ ತರ್ಕದ ಬರಹಗಳಲ್ಲಿ ಬಹುಪಾಲು ಹ್ಯಾನೋವರ್‌ನ ಗ್ರಂಥಾಲಯದಲ್ಲಿ ಉಳಿದಿದ್ದವು. ಫ್ರೆಂಚ್ ವಿದ್ವಾಂಸ ಲೂಯಿ ಕೂತ್ಯುರಾ 1903ರಲ್ಲಿ ಪ್ರಕಟಿಸಿದ ಮೇಲೆ ಅವುಗಳ ಹರವು ಗೊತ್ತಾಯಿತು. ಆಧುನಿಕ ತರ್ಕ ಲೈಬ್ನಿಟ್ಸ್‌ನಿಂದ ಶುರುವಾಗುತ್ತದೆ ಎಂದು ಷೋಲ್ಟ್ಸ್ ಸಾರಿದ. 19ನೆಯ ಶತಮಾನದ ಆದಿಯಲ್ಲಿ ಪ್ರಾಗ್‌ನಲ್ಲಿದ್ದ ಬರ್ನಾರ್ಡ್ ಬೋಲ್ಜಾನೊನ ತರ್ಕಗ್ರಂಥದ ಮಹತ್ವವನ್ನು 1937ರ ಪ್ರಬಂಧವೊಂದರಲ್ಲಿ ಎತ್ತಿ ತೋರಿಸಿದ. ಹೀಗೆ ಲೈಬ್ನಿಟ್ಸ್, ಬೋಲ್ಜಾನೊ, ಫ್ರೆಗೆ ಎಂಬ ಸಾಲು ಜರ್ಮನ್ ಭಾಷೆಯ ತತ್ತ್ವಚಿಂತನೆಯೊಳಗೆ ಒಂದು ಪರಂಪರೆಯಾಗಿ ಎದ್ದು ಕಂಡಿತು.

ಫ್ರೆಗೆಯ ಹಸ್ತಪ್ರತಿಗಳು

1925ರಲ್ಲಿ ಫ್ರೆಗೆ ತೀರಿಕೊಂಡಾಗ ಅವನ ಹೆಸರು ತಜ್ಞರ ಸಣ್ಣ ವಲಯದಾಚೆ ಯಾರಿಗೂ ಗೊತ್ತಿರಲಿಲ್ಲ. ಅಪ್ರಕಟಿತ ಬರಹಗಳನ್ನು ದತ್ತುಮಗ ಆಲ್ಫ್ರೆಡ್‌ಗೆ ಬಿಟ್ಟುಹೋಗುವಾಗ, ಇವನ್ನು ತಾತ್ಸಾರ ಮಾಡಬೇಡ, ಇವುಗಳಲ್ಲಿ ಮುಂದೆ ಬೆಲೆ ಬರುವಂಥದ್ದು ಇದೆ ಎಂಬರ್ಥದ ಸೂಚನೆ ಕೊಟ್ಟಿದ್ದ. ಆ ಬರಹಗಳನ್ನು ಹುಡುಕಿಕೊಂಡು ಹೋದವನು ಷೋಲ್ಟ್ಸ್. 1935ರಲ್ಲಿ ಆಲ್ಫ್ರೆಡ್ ಅವನ್ನೆಲ್ಲ ಮ್ಯೂನ್‌ಸ್ಟರ್‌ಗೆ ಒಪ್ಪಿಸಿದ. ಅದೇ ವರ್ಷ ಪ್ಯಾರಿಸ್‌ನಲ್ಲಿ ನಡೆದ ವೈಜ್ಞಾನಿಕ ತತ್ತ್ವಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನಕ್ಕಾಗಿ ಷೋಲ್ಟ್ಸ್ ಮತ್ತು ಸಹೋದ್ಯೋಗಿ ಫ್ರೀಡ್ರಿಖ್ ಬಾಖ್‌ಮನ್ ಈ ಸಂಗ್ರಹದ ವರದಿ ಸಿದ್ಧಪಡಿಸಿದರು.

ಹಸ್ತಪ್ರತಿಗಳಷ್ಟರಿಂದಲೇ ತೃಪ್ತನಾಗದೆ ಷೋಲ್ಟ್ಸ್ ಫ್ರೆಗೆಯೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದವರಿಗೆಲ್ಲ ಬರೆದು ಪತ್ರಗಳನ್ನು ಕೇಳಿದ. ರಸೆಲ್ ತನ್ನ ಬಳಿಯಿದ್ದವನ್ನು ಕಳಿಸಿಕೊಟ್ಟ. ತನ್ನಲ್ಲಿರುವವು ಖಾಸಗಿ ಪತ್ರಗಳು, ತತ್ತ್ವವಿಚಾರ ಅವುಗಳಲ್ಲಿಲ್ಲ ಎಂದು ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಕೊಡಲು ಒಪ್ಪಲಿಲ್ಲ. ಬಂದವನ್ನೆಲ್ಲ ಷೋಲ್ಟ್ಸ್‌ನ ಬಳಗ ವಿಂಗಡಿಸಿ, ಮುಖ್ಯವಾದವುಗಳನ್ನು ಬೆರಳಚ್ಚು ಮಾಡಿಸತೊಡಗಿತು. ಪ್ರಕಟಣೆಯ ಸಿದ್ಧತೆ ಮುಗಿಯುವ ಮೊದಲೇ ಯುದ್ಧ ಬಂತು. ಸುರಕ್ಷಿತವಾಗಿರಲೆಂದು ಮೂಲ ಪ್ರತಿಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇರಿಸಿದ್ದರು. 1945ರ ಮಾರ್ಚ್ 25ರಂದು ನಡೆದ ಬಾಂಬ್ ದಾಳಿಯಲ್ಲಿ ಅವು ನಾಶವಾದವೆಂದು ನಂಬಲಾಗಿದೆ.

ಬೆರಳಚ್ಚು ಪ್ರತಿಗಳಲ್ಲಿ ಒಂದು ಭಾಗ ಉಳಿಯಿತು. ಅದನ್ನೇ ಆಧರಿಸಿ ಫ್ರೆಗೆಯ ಮರಣೋತ್ತರ ಬರಹಗಳ ಸಂಪುಟ 1969ರಲ್ಲಿ ಹಾನ್ಸ್ ಹೆರ್ಮೆಸ್, ಫ್ರೀಡ್ರಿಖ್ ಕಾಂಬಾರ್ಟೆಲ್, ಫ್ರೀಡ್ರಿಖ್ ಕೌಲ್ಬಾಖ್ ಇವರ ಸಂಪಾದಕತ್ವದಲ್ಲಿ ಹೊರಬಂತು. ಪತ್ರಗಳ ಸಂಪುಟ 1976ರಲ್ಲಿ ಬಂತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾರು ಫ್ರೆಗೆಯ ಈ ಬರಹಗಳನ್ನು ಓದಿದರೂ ಅವರು ಮ್ಯೂನ್‌ಸ್ಟರ್‌ನ ಆ ಬೆರಳಚ್ಚು ಹಾಳೆಗಳಿಗೆ ಋಣಿಗಳು. ಹಸ್ತಪ್ರತಿ ಕೈಗೆ ಬಂದ ಕೂಡಲೇ ನಕಲು ಮಾಡಿಸುವುದು ವಿದ್ವಾಂಸನ ಮೊದಲ ಕರ್ತವ್ಯ ಎಂಬುದನ್ನು ಇದಕ್ಕಿಂತ ಗಟ್ಟಿಯಾಗಿ ಹೇಳುವ ನಿದರ್ಶನ ಸಿಗುವುದು ಕಷ್ಟ.

ಟ್ಯೂರಿಂಗ್‌ನ ಲೇಖನ ಮತ್ತು ಮ್ಯೂನ್‌ಸ್ಟರ್ ಬಳಗ

ಹಳೆಯದನ್ನು ಕಾಪಾಡಿದಷ್ಟೇ ಆಸ್ಥೆಯಿಂದ ಷೋಲ್ಟ್ಸ್ ಹೊಸದನ್ನು ಗಮನಿಸುತ್ತಿದ್ದ. ಒಂದು ತಾರ್ಕಿಕ ಸೂತ್ರ ಸಾರ್ವತ್ರಿಕವಾಗಿ ಸತ್ಯವೋ ಅಲ್ಲವೋ ಎಂಬುದನ್ನು ಯಾಂತ್ರಿಕ ವಿಧಾನವೊಂದರಿಂದ ಯಾವಾಗಲೂ ತೀರ್ಮಾನಿಸಬಹುದೇ? ಹಿಲ್ಬರ್ಟ್ ಮತ್ತು ವಿಲ್ಹೆಲ್ಮ್ ಆಕರ್‌ಮನ್ 1928ರ ತಮ್ಮ ಪಠ್ಯಪುಸ್ತಕದಲ್ಲಿ ಎತ್ತಿದ್ದ ಪ್ರಶ್ನೆ ಇದು. ಕೇಂಬ್ರಿಜ್‌ನ ತರುಣ ಅಲನ್ ಟ್ಯೂರಿಂಗ್ 1936ರಲ್ಲಿ ಇಲ್ಲವೆಂದು ಸಾಧಿಸಿದ. ಅದಕ್ಕಾಗಿ ಉದ್ದನೆಯ ಪಟ್ಟಿಯ ಮೇಲೆ ಚಿಹ್ನೆಗಳನ್ನು ಓದುತ್ತ, ಬರೆಯುತ್ತ, ಅಳಿಸುತ್ತ ಹೋಗುವ ಯಂತ್ರವೊಂದನ್ನು ಕಲ್ಪಿಸಿದ. ಇಂದಿನ ಕಂಪ್ಯೂಟರಿನ ಸೈದ್ಧಾಂತಿಕ ಮಾದರಿ ಅದೇ.

ಆ ಲೇಖನ ಹೊರಬಂದಾಗ ಅದನ್ನು ಗಮನಿಸಿದವರು ಬೆರಳೆಣಿಕೆಯವರು. 1937ರ ಫೆಬ್ರವರಿಯಲ್ಲಿ ಟ್ಯೂರಿಂಗ್ ತನ್ನ ತಾಯಿಗೆ ಬರೆದ ಪತ್ರದಲ್ಲಿ, ಬಿಡಿಪ್ರತಿ ಕೇಳಿ ಬರೆದವರು ಇಬ್ಬರು ಎಂದು ತಿಳಿಸಿದ್ದಾನೆ. ಒಬ್ಬ ಕೇಂಬ್ರಿಜ್‌ನವನೇ ಆದ ರಿಚರ್ಡ್ ಬ್ರೇತ್‌ವೇಟ್, ಇನ್ನೊಬ್ಬ ಷೋಲ್ಟ್ಸ್. ಷೋಲ್ಟ್ಸ್ ಮ್ಯೂನ್‌ಸ್ಟರ್‌ನಲ್ಲಿ ಆ ಲೇಖನವನ್ನು ವಿಚಾರಗೋಷ್ಠಿಯಲ್ಲಿ ಚರ್ಚೆಗಿಟ್ಟ. ಟ್ಯೂರಿಂಗ್ ಯಂತ್ರವನ್ನು ಕುರಿತು ಜಗತ್ತಿನಲ್ಲಿ ನಡೆದ ಮೊದಮೊದಲ ಗೋಷ್ಠಿಗಳಲ್ಲಿ ಇದೂ ಒಂದು. ಈತನ ಶಿಷ್ಯ ಹೆರ್ಮೆಸ್ 1937ರಲ್ಲೇ ಆ ವಿಚಾರವನ್ನು ಜರ್ಮನ್‌ನಲ್ಲಿ ವಿವರಿಸಿ ಲೇಖನ ಬರೆದ. ಟ್ಯೂರಿಂಗ್ ಕಳಿಸಿಕೊಟ್ಟ ಬಿಡಿಪ್ರತಿ ಬಹುಕಾಲ ಕಣ್ಮರೆಯಾಗಿದ್ದು, ದಶಕಗಳ ನಂತರ ಮ್ಯೂನ್‌ಸ್ಟರ್‌ನಲ್ಲೇ ಮತ್ತೆ ಪತ್ತೆಯಾಯಿತು.

1936ರ ಹೊತ್ತಿಗೆ ಷೋಲ್ಟ್ಸ್‌ನ ಸುತ್ತ ತರ್ಕದ ಪ್ರತ್ಯೇಕ ಅಧ್ಯಯನ ಕೇಂದ್ರವೊಂದು ರೂಪುಗೊಂಡಿತ್ತು. 1937ರಿಂದ ಈತ ಹೊರತಂದ ಸಂಶೋಧನ ಮಾಲೆಯಲ್ಲಿ ಗೆರ್‌ಹಾರ್ಡ್ ಗೆಂಟ್ಸೆನ್ ಅಂಕಗಣಿತದ ಅವಿರೋಧಕ್ಕೆ ಕೊಟ್ಟ ಸಾಧನೆಯ ಹೊಸ ರೂಪ 1938ರಲ್ಲಿ ಪ್ರಕಟವಾಯಿತು. 1938ರಲ್ಲಿ ಈತನ ಪೀಠ ಗಣಿತ ಮತ್ತು ವಿಜ್ಞಾನಗಳ ತತ್ತ್ವಶಾಸ್ತ್ರಕ್ಕೆ ಮೀಸಲಾಯಿತು. 1943ರಲ್ಲಿ ಅದು ಗಣಿತೀಯ ತರ್ಕ ಮತ್ತು ತಳಹದಿ ಸಂಶೋಧನೆಯ ಪೀಠವಾಯಿತು. ಜರ್ಮನಿಯಲ್ಲಿ ಈ ವಿಷಯಕ್ಕೆ ದೊರೆತ ಮೊದಲ ಪೀಠ ಇದು.

ತತ್ತ್ವಮೀಮಾಂಸೆ ಮತ್ತು ದೈವಶಾಸ್ತ್ರ

ತರ್ಕಕ್ಕೆ ಬಂದ ಮೇಲೆಯೂ ಷೋಲ್ಟ್ಸ್ ತನ್ನ ಮೊದಲಿನ ಪ್ರಶ್ನೆಗಳನ್ನು ಬಿಡಲಿಲ್ಲ. ವಿಯೆನ್ನಾದ ತಾತ್ತ್ವಿಕ ಬಳಗ ಹೊಸ ತರ್ಕವನ್ನು ಆಯುಧವಾಗಿಸಿ ತತ್ತ್ವಮೀಮಾಂಸೆ ಅರ್ಥಹೀನವೆಂದು ತಳ್ಳಿಹಾಕುತ್ತಿದ್ದಾಗ, ಅದೇ ತರ್ಕದಿಂದ ತತ್ತ್ವಮೀಮಾಂಸೆಯನ್ನು ಖಚಿತ ಶಾಸ್ತ್ರವಾಗಿ ಕಟ್ಟಬಹುದು ಎಂದು ಈತ ವಾದಿಸಿದ. 1941ರಲ್ಲಿ ಪ್ರಕಟವಾದ ‘ಖಚಿತ ವಿಜ್ಞಾನವಾಗಿ ತತ್ತ್ವಮೀಮಾಂಸೆ’ ಗ್ರಂಥದ ತಿರುಳು ಇದು. ಯಾವುದೇ ಒಂದು ಜಗತ್ತಿನ ಸಂಗತಿಗಳನ್ನು ಅವಲಂಬಿಸದೆ, ಸಾಧ್ಯವಿರುವ ಎಲ್ಲ ಜಗತ್ತುಗಳಲ್ಲೂ ನಿಜವಾಗುವ ಹೇಳಿಕೆಗಳೇ ತತ್ತ್ವಮೀಮಾಂಸೆಯ ಸತ್ಯಗಳು. ಏಕತ್ವ ಮತ್ತು ಭಿನ್ನತ್ವಗಳ ತರ್ಕ ಅಂಥ ಹೇಳಿಕೆಗಳನ್ನು ಒದಗಿಸುತ್ತದೆ. ಸಾಧ್ಯ ಜಗತ್ತುಗಳ ಈ ಕಲ್ಪನೆ ಲೈಬ್ನಿಟ್ಸ್‌ನಿಂದ ಬಂದದ್ದು.

ಪ್ರಾಟೆಸ್ಟೆಂಟ್ ಚಿಂತಕ ಕಾರ್ಲ್ ಬಾರ್ತ್‌ನೊಡನೆ ಷೋಲ್ಟ್ಸ್‌ಗೆ ಆಪ್ತ ಸ್ನೇಹವಿತ್ತು. ತೀವ್ರ ಭಿನ್ನಾಭಿಪ್ರಾಯವೂ ಇತ್ತು. ದೇವರ ಅಸ್ತಿತ್ವವನ್ನು ಕುರಿತ ಸಂತ ಆನ್ಸೆಲ್ಮ್‌ನ ವಾದದ ಬಗ್ಗೆ 1930ರಲ್ಲಿ ಬಾನ್ ನಗರದಲ್ಲಿ ಷೋಲ್ಟ್ಸ್ ನೀಡಿದ ಉಪನ್ಯಾಸವೇ ತನ್ನ ಆನ್ಸೆಲ್ಮ್ ಗ್ರಂಥಕ್ಕೆ ಪ್ರೇರಣೆ ಎಂದು ಬಾರ್ತ್ ನೆನೆದಿದ್ದಾನೆ. 1931ರಲ್ಲಿ ಷೋಲ್ಟ್ಸ್ ದೈವಶಾಸ್ತ್ರವು ವಿಜ್ಞಾನವೆನಿಸಲು ಪೂರೈಸಬೇಕಾದ ಕನಿಷ್ಠ ಷರತ್ತುಗಳನ್ನು ಮುಂದಿಟ್ಟ: ಅದು ಸತ್ಯವೆಂದು ಸಾಧಿಸಬಯಸುವ ವಾಕ್ಯಗಳಿಂದ ಕೂಡಿರಬೇಕು, ಆ ವಾಕ್ಯಗಳು ಒಂದೇ ವಿಷಯಕ್ಷೇತ್ರಕ್ಕೆ ಸಂಬಂಧಿಸಿರಬೇಕು, ಅವುಗಳನ್ನು ಪರೀಕ್ಷಿಸಲು ದಾರಿ ಇರಬೇಕು. ದೇವರ ನುಡಿಗೆ ಹೊರಗಿನ ಅಳತೆಗೋಲು ಸಲ್ಲದು ಎಂದು ಬಾರ್ತ್ ಈ ಷರತ್ತುಗಳನ್ನು ನಿರಾಕರಿಸಿದ. ದೈವಶಾಸ್ತ್ರದ ಸ್ವರೂಪವನ್ನು ಚರ್ಚಿಸುವವರು ಈ ವಾಗ್ವಾದಕ್ಕೆ ಇಂದಿಗೂ ಮರಳುತ್ತಾರೆ. ಅರಿಸ್ಟಾಟಲ್‌ನ ಶಾಸ್ತ್ರಕಲ್ಪನೆಯನ್ನು ಷರತ್ತುಗಳಾಗಿ ಬಿಡಿಸಿದ ಕೈಯೇ ಇಲ್ಲಿಯೂ ಕೆಲಸ ಮಾಡಿದೆ.

ನಾಜಿ ಆಡಳಿತದ ವರ್ಷಗಳು

1938ರಲ್ಲಿ ವುಕಾಸೇವಿಚ್‌ಗೆ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿದ್ದು ಷೋಲ್ಟ್ಸ್‌ನ ಪ್ರಯತ್ನದಿಂದ. ಮರುವರ್ಷ ಜರ್ಮನ್ ಸೇನೆ ಪೋಲೆಂಡನ್ನು ಆಕ್ರಮಿಸಿತು. 1939ರ ನವೆಂಬರ್ 6ರಂದು ಕ್ರಾಕೋವ್ ನಗರದ ಪ್ರಾಧ್ಯಾಪಕರನ್ನು ಸಭೆಗೆಂದು ಕರೆಸಿ ಬಂಧಿಸಿದರು. ಅವರಲ್ಲಿ ಪಾದ್ರಿ ಮತ್ತು ತರ್ಕಶಾಸ್ತ್ರಜ್ಞ ಯಾನ್ ಸಲಮೂಖಾ ಒಬ್ಬ. ಥಾಮಸ್ ಅಕ್ವೀನಾಸ್ ದೇವರ ಅಸ್ತಿತ್ವಕ್ಕೆ ಕೊಟ್ಟ ವಾದವನ್ನು 1934ರಲ್ಲಿ ಆಧುನಿಕ ತರ್ಕದ ಸಂಕೇತಗಳಲ್ಲಿ ಬಿಡಿಸಿ ಬರೆದವನು ಆತ. ಸಾಕ್ಸೆನ್‌ಹೌಸೆನ್ ಮತ್ತು ಡಾಖೌ ಶಿಬಿರಗಳಲ್ಲಿ ಸೆರೆಯಿದ್ದ ಅವನ ಬಿಡುಗಡೆಗಾಗಿ ಷೋಲ್ಟ್ಸ್ ಅಧಿಕಾರಿಗಳಿಗೆ ಮೊರೆಯಿಟ್ಟ. 1941ರ ಜನವರಿಯಲ್ಲಿ ಸಲಮೂಖಾ ಹೊರಬಂದ. 1944ರ ಆಗಸ್ಟ್‌ನಲ್ಲಿ ವಾರ್ಸಾ ದಂಗೆಯ ಸಮಯದಲ್ಲಿ ಕೊಲೆಯಾದ. ವುಕಾಸೇವಿಚ್ ದಂಪತಿ 1944ರ ಜುಲೈನಲ್ಲಿ ಷೋಲ್ಟ್ಸ್‌ನ ನೆರವಿನಿಂದ ವಾರ್ಸಾ ಬಿಟ್ಟು ಮ್ಯೂನ್‌ಸ್ಟರ್‌ಗೆ ಬಂದರು. ಯುದ್ಧ ಮುಗಿದ ಮೇಲೆ ವುಕಾಸೇವಿಚ್ ಡಬ್ಲಿನ್‌ನಲ್ಲಿ ನೆಲೆಸಿ ತನ್ನ ಕೆಲಸ ಮುಂದುವರಿಸಿದ.

ತರ್ಕವೂ ಆ ದಿನಗಳಲ್ಲಿ ದಾಳಿಗೊಳಗಾಗಿತ್ತು. ಸಂಕೇತಗಳ ಈ ಗಣಿತ ಜರ್ಮನ್ ಮನೋಧರ್ಮಕ್ಕೆ ಹೊರತಾದದ್ದು ಎಂದು ಮ್ಯಾಕ್ಸ್ ಸ್ಟೆಕ್‌ನಂಥವರು ಹಿಲ್ಬರ್ಟ್ ಪಂಥದ ಮೇಲೆ ಹರಿಹಾಯುತ್ತಿದ್ದರು. ನಾಜಿ ಗಣಿತಜ್ಞರ ಪತ್ರಿಕೆಯಾಗಿದ್ದ ‘ಡಾಯ್ಚ ಮಾಥೆಮಾಟಿಕ್’ನಲ್ಲೇ ಷೋಲ್ಟ್ಸ್ 1943ರಲ್ಲಿ ತಳಹದಿ ಸಂಶೋಧನೆಯನ್ನು ಸಮರ್ಥಿಸಿ ಬರೆದ. ಆಡಳಿತದೊ‌ಳಗೇ ಇದ್ದುಕೊಂಡು, ಅದರ ಸಂಸ್ಥೆಗಳಿಂದಲೇ ಮಾನ್ಯತೆ ಪಡೆದು ಈತ ತನ್ನ ಶಾಸ್ತ್ರವನ್ನು ಉಳಿಸಿಕೊಂಡ ಎಂಬುದನ್ನು ಮರೆಮಾಚುವಂತಿಲ್ಲ. ರಷ್ಯಾದ ರಣರಂಗದಲ್ಲಿ ಗಾಯಗೊಂಡಿದ್ದ ಶಿಷ್ಯ ಗಿಸ್ಬರ್ಟ್ ಹಾಸೆನ್‌ಯೇಗರ್‌ಗೆ ಸೇನೆಯ ಗೂಢಲಿಪಿ ವಿಭಾಗದಲ್ಲಿ ಕೆಲಸ ಸಿಗುವಂತೆ ಮಾಡಿದವನೂ ಈತನೇ. ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಎನಿಗ್ಮಾ ಯಂತ್ರದ ಭದ್ರತೆಯನ್ನು ಪರೀಕ್ಷಿಸುವ ಹೊಣೆ ಹಾಸೆನ್‌ಯೇಗರ್‌ನ ಪಾಲಿಗೆ ಬಂತು. ಅದೇ ಯಂತ್ರದ ಸಂದೇಶಗಳನ್ನು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಭೇದಿಸುತ್ತಿದ್ದವರ ಮುಂಚೂಣಿಯಲ್ಲಿ ಟ್ಯೂರಿಂಗ್ ಇದ್ದ.

ಶಿಷ್ಯರು ಮತ್ತು ಸಂಸ್ಥೆ

ಯುದ್ಧಾನಂತರ ಮ್ಯೂನ್‌ಸ್ಟರ್ ಪಶ್ಚಿಮ ಜರ್ಮನಿಯಲ್ಲಿ ತರ್ಕದ ಮುಖ್ಯ ಕೇಂದ್ರವಾಯಿತು. ಷೋಲ್ಟ್ಸ್ 1952ರಲ್ಲಿ ನಿವೃತ್ತನಾದ. ಪೀಠಕ್ಕೆ ಬಂದ ಹಾನ್ಸ್ ಹೆರ್ಮೆಸ್ (1912–2003) ಗಣನೀಯತೆ ಮತ್ತು ನಿರ್ಣಯಸಾಧ್ಯತೆಗಳನ್ನು ಕುರಿತು 1961ರಲ್ಲಿ ಬರೆದ ಪಠ್ಯಪುಸ್ತಕ ಒಂದು ತಲೆಮಾರಿಗೆ ದಾರಿದೀಪವಾಯಿತು. ಹಾಸೆನ್‌ಯೇಗರ್ (1919–2006) ಮುಂದೆ ಬಾನ್‌ನಲ್ಲಿ ಪ್ರಾಧ್ಯಾಪಕನಾದ. ಟೆಲಿಫೋನಿನ ರಿಲೇಗಳನ್ನು ಬಳಸಿ ಟ್ಯೂರಿಂಗ್ ಯಂತ್ರದ ಮಾದರಿಯೊಂದನ್ನು ಕಟ್ಟಿ ತೋರಿಸಿದ. ಕಾರ್ಲ್ ಷ್ರೋಟರ್ (1905–1977) ಪೂರ್ವ ಬರ್ಲಿನ್‌ನಲ್ಲಿ ತರ್ಕದ ಅಧ್ಯಯನವನ್ನು ಬೆಳೆಸಿದ. ಬಾಖ್‌ಮನ್ (1909–1982) ಕೀಲ್‌ಗೆ ಹೋಗಿ ಪ್ರತಿಫಲನದ ಕಲ್ಪನೆಯಿಂದ ಜ್ಯಾಮಿತಿಯನ್ನು ಕಟ್ಟುವ ಹೊಸ ಮಾರ್ಗ ತೆರೆದ. ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಲೇ ಸಂಶೋಧನೆ ನಡೆಸಿದ ಆಕರ್‌ಮನ್‌ನಿಗೆ 1953ರಲ್ಲಿ ಮ್ಯೂನ್‌ಸ್ಟರ್ ಗೌರವ ಪ್ರಾಧ್ಯಾಪಕ ಪದವಿ ಕೊಟ್ಟಿತು.

ಷೋಲ್ಟ್ಸ್ 1956ರ ಡಿಸೆಂಬರ್ 30ರಂದು ಮ್ಯೂನ್‌ಸ್ಟರ್‌ನಲ್ಲಿ ತೀರಿಕೊಂಡ. ಹಾಸೆನ್‌ಯೇಗರ್‌ನೊಡನೆ ಸೇರಿ ಬರೆದ ಗಣಿತೀಯ ತರ್ಕದ ಪಠ್ಯಪುಸ್ತಕವೂ ಆಯ್ದ ಪ್ರಬಂಧಗಳ ಸಂಕಲನ ‘ಮಾಥೆಸಿಸ್ ಯೂನಿವರ್ಸಾಲಿಸ್’ ಕೂಡ 1961ರಲ್ಲಿ ಪ್ರಕಟವಾದವು.

ಮೌಲ್ಯಮಾಪನ

ಷೋಲ್ಟ್ಸ್‌ನ ಎಲ್ಲ ತೀರ್ಮಾನಗಳೂ ನಿಂತಿಲ್ಲ. ಗ್ರೀಕ್ ಗಣಿತದ ಬಿಕ್ಕಟ್ಟಿನ ಕಥನವನ್ನು 1966ರಲ್ಲಿ ಹಾನ್ಸ್ ಫ್ರಾಯ್ಡೆಂಟಾಲ್, 1975ರಲ್ಲಿ ವಿಲ್ಬರ್ ನಾರ್ ಮುಂತಾದವರು ಪ್ರಶ್ನಿಸಿದರು. ಅಂಥ ಬಿಕ್ಕಟ್ಟಿಗೆ ಪ್ರಾಚೀನ ಆಧಾರಗಳು ಸಾಲವು, 1920ರ ದಶಕದ ಕಳವಳವನ್ನು ಗ್ರೀಕರ ಮೇಲೆ ಹೊರಿಸಲಾಗಿದೆ ಎಂಬುದು ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿದೆ. ‘ರೂಪರೇಖೆ’ಯಲ್ಲಿ ಮಧ್ಯಯುಗದ ತರ್ಕಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ, ಆ ಕಾಲದ ಪಠ್ಯಗಳ ಶ್ರೀಮಂತಿಕೆ ಗೊತ್ತಾದದ್ದು ನಂತರದ ಸಂಶೋಧನೆಯಿಂದ. ತತ್ತ್ವಮೀಮಾಂಸೆಯನ್ನು ತರ್ಕದ ಸತ್ಯಗಳಿಗೆ ಸೀಮಿತಗೊಳಿಸಿದರೆ ಅದರ ಹಳೆಯ ಪ್ರಶ್ನೆಗಳಲ್ಲಿ ಬಹುಪಾಲು ಹೊರಗುಳಿಯುತ್ತವೆ ಎಂಬ ಟೀಕೆಗೂ ಈತನಲ್ಲಿ ಪೂರ್ಣ ಉತ್ತರವಿಲ್ಲ.

ಆದರೆ ಈತ ತೋರಿದ ವಿಧಾನ ಉಳಿದಿದೆ. ಹಳೆಯ ತಾರ್ಕಿಕನ ಮಾತನ್ನು ಇಂದಿನ ತರ್ಕದ ನಿಖರತೆಯಿಂದ ಓದಬೇಕು, ಇಂದಿನ ತಾರ್ಕಿಕ ತನ್ನ ಹಿಂದಿನವರ ಗ್ರಂಥಗಳನ್ನು ತಿಳಿದಿರಬೇಕು ಎಂಬ ಎರಡು ಬೇಡಿಕೆಗಳನ್ನು ಈತ ಒಟ್ಟಿಗೆ ಇಟ್ಟ. ವುಕಾಸೇವಿಚ್‌ನ ಅರಿಸ್ಟಾಟಲ್ ಅಧ್ಯಯನ, ಯುದ್ಧಾನಂತರ ಬಂದ ತರ್ಕಚರಿತ್ರೆಯ ದೊಡ್ಡ ಗ್ರಂಥಗಳು ನಡೆದದ್ದು ಇದೇ ದಾರಿಯಲ್ಲಿ. ಫ್ರೆಗೆಯನ್ನು 20ನೆಯ ಶತಮಾನದ ತತ್ತ್ವಶಾಸ್ತ್ರದ ಮೂಲಪುರುಷರಲ್ಲಿ ಒಬ್ಬನೆಂದು ಇಂದು ಎಲ್ಲರೂ ಒಪ್ಪುತ್ತಾರೆ. ಹಾಗೆ ಒಪ್ಪಲು ಬೇಕಾದ ಬರಹಗಳನ್ನು ಕಾಲದ ಕೈಯಿಂದ ಕಿತ್ತುಕೊಂಡು ಉಳಿಸಿದವರಲ್ಲಿ ಷೋಲ್ಟ್ಸ್ ಮೊದಲಿಗ. ಪ್ರಮೇಯ ಸಾಧಿಸಿದವರ ಹೆಸರು ಶಾಸ್ತ್ರದಲ್ಲಿ ತಾನಾಗಿ ಉಳಿಯುತ್ತದೆ. ಇನ್ನೊಬ್ಬರ ಪ್ರತಿಭೆಯನ್ನು ಗುರುತಿಸಿ, ಅವರ ಬರಹವನ್ನು ಕಾಪಾಡಿ, ಕಲಿಯುವವರಿಗೆ ಪೀಠವನ್ನೂ ಗ್ರಂಥಾಲಯವನ್ನೂ ಕಟ್ಟಿಕೊಟ್ಟವರ ಹೆಸರನ್ನು ನಾವೇ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಅಂಥವರ ಸಾಲಿನಲ್ಲಿ ಹೈನ್ರಿಖ್ ಷೋಲ್ಟ್ಸ್‌ಗೆ ಹಿರಿಯ ಸ್ಥಾನವಿದೆ.